ಸಂಪಾದಕರ ಉತ್ತರ: ಸಿಟ್ಟು ಬಂದವರು ಹೊರಗೆ ನಿಲ್ಲಬಾರದು

ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: “ನನ್ನ ಮಗ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದಾನೆ, ಅಲ್ಲಿಯ ಪ್ರಜೆ. 2016ರ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಚುನಾವಣೆ) ಬರ್ನಿ ಸ್ಯಾಂಡರ್ಸ್‌ಗೆ ಓಟು ಹಾಕಲು ಹೋದರೆ, ನೀವು ಡೆಮಾಕ್ರಟಿಕ್ ಪಕ್ಷದಲ್ಲಿ ಹೆಸರು ಬರೆಸಿಲ್ಲ ಅಂತ ವಾಪಸ್ ಕಳಿಸಿದರಂತೆ. 2024ರಲ್ಲಿ ಆರಿಸಲು ಯಾರೂ ಇರಲಿಲ್ಲ. ಸ್ಯಾಂಡರ್ಸ್‌ಗೆ ಪಕ್ಷದವರೇ ಮೋಸ ಮಾಡಿ ಸೋಲಿಸಿದರು, ಇನ್ನು ಪ್ರೈಮರಿಯ ಸಹವಾಸ ಬೇಡ ಅಂತಾನೆ. ಎರಡೂ ಪಕ್ಷಗಳಲ್ಲಿ ಒಳಜಗಳವೇ ಜಾಸ್ತಿ. ಇದಕ್ಕಿಂತ ದೆಹಲಿಯಿಂದ ಟಿಕೆಟ್ ಬರುವ ನಮ್ಮ ಪದ್ಧತಿಯೇ ವಾಸಿ ಅಲ್ವಾ?”

ಪ್ರಿಯ ಮೇಷ್ಟ್ರೇ,

ನಿಮ್ಮ ಮಗನ ಸಿಟ್ಟು ನ್ಯಾಯವಾದದ್ದೇ. 2016ರಲ್ಲಿ ನ್ಯೂಯಾರ್ಕಿನ ಪ್ರೈಮರಿ ನಡೆದದ್ದು ಏಪ್ರಿಲ್ 19ಕ್ಕೆ. ಆಗಲೇ ಮತದಾರರ ಪಟ್ಟಿಯಲ್ಲಿದ್ದವರು ಪಕ್ಷದಲ್ಲಿ ಹೆಸರು ಬರೆಸಲು ಅಥವಾ ಪಕ್ಷ ಬದಲಿಸಲು ಕೊನೆಯ ದಿನ ಹಿಂದಿನ ವರ್ಷದ ಅಕ್ಟೋಬರ್ 9 ಆಗಿತ್ತು. ಅಂದರೆ ಆರು ತಿಂಗಳಿಗೂ ಮೊದಲು. ಆ ಹೊತ್ತಿಗೆ ಸ್ಯಾಂಡರ್ಸ್ ಇಷ್ಟು ದೂರ ಬರುತ್ತಾರೆ ಎಂದು ಎಷ್ಟು ಜನ ನಂಬಿದ್ದರು? ಟ್ರಂಪ್ ಅವರ ಮಕ್ಕಳಾದ ಇವಾಂಕಾ ಮತ್ತು ಎರಿಕ್ ಕೂಡ ಈ ದಿನಾಂಕ ತಪ್ಪಿಸಿಕೊಂಡರು. ಸ್ವಂತ ಅಪ್ಪನಿಗೇ ಅವರು ಆ ದಿನ ಓಟು ಹಾಕಲಾಗಲಿಲ್ಲ. ಇನ್ನು ಕೆಲಸ, ಮನೆ, ಮಕ್ಕಳು ಅಂತ ಓಡಾಡುವವರ ಪಾಡು ಕೇಳಬೇಕೇ? ಅದೇ ಸಲ ಬ್ರೂಕ್ಲಿನ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಸರುಗಳು ಪಟ್ಟಿಯಿಂದಲೇ ಬಿಟ್ಟುಹೋಗಿದ್ದವು.

ಅರಿಜೋನಾದಲ್ಲಿ ಇನ್ನೂ ಕೆಟ್ಟದಾಯಿತು. ಫೀನಿಕ್ಸ್ ನಗರ ಇರುವ ಮಾರಿಕೋಪಾ ಕೌಂಟಿಯಲ್ಲಿ 2012ರಲ್ಲಿ ಸುಮಾರು 200 ಮತಗಟ್ಟೆಗಳಿದ್ದವು. ಖರ್ಚು ಉಳಿಸಬೇಕೆಂದು 2016ರಲ್ಲಿ ಅದನ್ನು 60ಕ್ಕೆ ಇಳಿಸಿದರು. ಮಾರ್ಚ್ 22ರಂದು ಜನ ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. ಯಾರು ಗೆದ್ದರೆಂದು ಟಿ.ವಿ.ಯಲ್ಲಿ ಹೇಳಿಯಾಗಿತ್ತು, ಇವರು ಇನ್ನೂ ಬಾಗಿಲ ಹೊರಗೇ ಇದ್ದರು. ಕೊನೆಯವರು ಓಟು ಹಾಕಿದಾಗ ಮಧ್ಯರಾತ್ರಿ ದಾಟಿತ್ತು. ಎಲ್ಲ ಮುಗಿದಿದೆ ಎಂದು ಗೊತ್ತಿದ್ದೂ ಮನೆಗೆ ಹೋಗದೆ ನಿಂತರಲ್ಲ, ಅವರನ್ನು ನೆನೆದರೆ ನನಗೆ ಗೌರವವೂ ಉಂಟಾಗುತ್ತದೆ, ಹೊಟ್ಟೆಯೂ ಉರಿಯುತ್ತದೆ.

ಆದರೆ ‘ಮೋಸದಿಂದ ಸೋಲಿಸಿದರು’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪಕ್ಷದ ಕಚೇರಿಯವರ ಒಲವು ಸ್ಯಾಂಡರ್ಸ್ ಎದುರಾಳಿ ಹಿಲರಿ ಕ್ಲಿಂಟನ್ ಕಡೆಗಿತ್ತು, ನಿಜ. ಆ ವರ್ಷದ ಜುಲೈನಲ್ಲಿ ವಿಕಿಲೀಕ್ಸ್ ಹೊರಹಾಕಿದ ಇಮೇಲ್‌ಗಳಲ್ಲಿ ಅದು ಬಯಲಾಯಿತು. ಫಿಲಡೆಲ್ಫಿಯಾ ಸಮಾವೇಶಕ್ಕೆ ಒಂದು ದಿನ ಮೊದಲು ಪಕ್ಷದ ಅಧ್ಯಕ್ಷೆ ಡೆಬ್ಬಿ ವಾಸರ್‌ಮನ್ ಶುಲ್ಟ್ಸ್ ರಾಜೀನಾಮೆ ಘೋಷಿಸಬೇಕಾಯಿತು. ಆದರೂ ಓಟಿನ ಲೆಕ್ಕ ನೋಡಿ. ಕ್ಲಿಂಟನ್‌ಗೆ ಸುಮಾರು 1.69 ಕೋಟಿ, ಸ್ಯಾಂಡರ್ಸ್‌ಗೆ ಸುಮಾರು 1.32 ಕೋಟಿ. ಇಷ್ಟು ದೊಡ್ಡ ಅಂತರ ಕಚೇರಿಯವರ ಒಲವಿನಿಂದ ಮಾತ್ರ ಬರುವುದಿಲ್ಲ.

ನಿಯಮಗಳು ಸ್ಯಾಂಡರ್ಸ್ ಅವರಿಗೂ ಅನುಕೂಲ ಮಾಡಿಕೊಟ್ಟವು. ವಾಷಿಂಗ್ಟನ್ ರಾಜ್ಯದಲ್ಲಿ ಆಗ ಕಾಕಸ್ ಪದ್ಧತಿ ಇತ್ತು. ಒಂದು ಶನಿವಾರ ಎಲ್ಲರೂ ಒಂದೆಡೆ ಸೇರಿ, ಗಂಟೆಗಟ್ಟಲೆ ಕೂತು, ತಮ್ಮ ಆಯ್ಕೆ ಹೇಳಬೇಕು. ಅದರಲ್ಲಿ ಸ್ಯಾಂಡರ್ಸ್ ಮುಕ್ಕಾಲು ಪಾಲಿಗೆ ಹತ್ತಿರ ಪಡೆದು ಗೆದ್ದರು. ಎರಡು ತಿಂಗಳಾದ ಮೇಲೆ ಅದೇ ರಾಜ್ಯದಲ್ಲಿ ಫಲಿತಾಂಶ ಲೆಕ್ಕಕ್ಕೆ ಬಾರದ ಒಂದು ಪ್ರೈಮರಿ ನಡೆಯಿತು. ಕಾಕಸ್‌ಗಿಂತ ಮೂರು ಪಟ್ಟು ಜಾಸ್ತಿ ಜನ ಓಟು ಹಾಕಿದರು, ಗೆದ್ದದ್ದು ಕ್ಲಿಂಟನ್! ಪಾಳಿ ಕೆಲಸದವರಿಗೆ, ಚಿಕ್ಕ ಮಕ್ಕಳ ತಾಯಂದಿರಿಗೆ ಅರ್ಧ ದಿನ ಕೂರಲು ಪುರುಸೊತ್ತು ಎಲ್ಲಿದೆ? ಸ್ಯಾಂಡರ್ಸ್ ಬೆಂಬಲಿಗರು ನ್ಯೂಯಾರ್ಕಿನ ಬಗ್ಗೆ ಕೂಗಿದಷ್ಟು ಇದರ ಬಗ್ಗೆ ಕೂಗಲಿಲ್ಲ.

ರಿಪಬ್ಲಿಕನ್ನರಲ್ಲೂ ಇದೇ ಕಥೆ. 17 ಮಂದಿ ಕಣಕ್ಕಿಳಿದರು. ಸೌತ್ ಕೆರೊಲಿನಾದಲ್ಲಿ ಟ್ರಂಪ್ ಪಡೆದದ್ದು ಶೇ. 32.5ರಷ್ಟು ಓಟು, ಕೈಗೆ ಬಂದದ್ದು 50ಕ್ಕೆ 50 ಡೆಲಿಗೇಟುಗಳು, ಅಂದರೆ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಅಂತಿಮವಾಗಿ ಆರಿಸುವ ಪ್ರತಿನಿಧಿಗಳು. ಅದಕ್ಕೆ ಅವರು ತಕರಾರು ಮಾಡಲಿಲ್ಲ. ಕೊಲರಾಡೊದಲ್ಲಿ ಜನರ ಓಟೇ ಇಲ್ಲದೆ ಪಕ್ಷದ ಸಭೆಗಳಲ್ಲಿ 34 ಡೆಲಿಗೇಟುಗಳು ಎದುರಾಳಿ ಟೆಡ್ ಕ್ರೂಜ್ ಪಾಲಾದಾಗ ಮಾತ್ರ ಇಡೀ ವ್ಯವಸ್ಥೆಯೇ ಮೋಸ ಎಂದರು.

2024ರ ಬಗ್ಗೆ ನಿಮ್ಮ ಮಗ ಹೇಳಿದ್ದು ಸರಿ. ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಬೈಡನ್ ಎದುರು ಗಟ್ಟಿ ಸ್ಪರ್ಧಿ ಇರಲಿಲ್ಲ. ಗಾಜಾ ಯುದ್ಧದ ಸಿಟ್ಟಿಗೆ ಮಿಷಿಗನ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ‘ಯಾರಿಗೂ ಬದ್ಧರಲ್ಲ’ ಎಂಬ ಆಯ್ಕೆಗೆ ಗುರುತು ಹಾಕಿದರು. ಜುಲೈ 21ರಂದು ಬೈಡನ್ ಹಿಂದೆ ಸರಿದರು. ಕಮಲಾ ಹ್ಯಾರಿಸ್ ಆ ವರ್ಷ ಒಂದೂ ಪ್ರೈಮರಿಗೆ ನಿಲ್ಲದೆ ಅಭ್ಯರ್ಥಿಯಾದರು. ಅತ್ತ ರಿಪಬ್ಲಿಕನ್ನರಲ್ಲಿ ಟ್ರಂಪ್ ಎದುರು ನಿಂತಿದ್ದ ನಿಕ್ಕಿ ಹೇಲಿ ಮಾರ್ಚ್‌ನಲ್ಲೇ ಕಣ ಬಿಟ್ಟಿದ್ದರೂ ಮೇ ತಿಂಗಳ ಇಂಡಿಯಾನಾ ಪ್ರೈಮರಿಯಲ್ಲಿ ಐವರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಅವರಿಗೇ ಓಟು ಹಾಕಿದರು. ಬೇರೆ ಹೇಗೆ ತಾನೇ ಬೇಸರ ಹೇಳಿಕೊಳ್ಳಬೇಕು?

ಹೀಗೆ ಪ್ರೈಮರಿ ಗೆಲ್ಲದೆ ಅಭ್ಯರ್ಥಿಯಾದದ್ದು ಹ್ಯಾರಿಸ್ ಒಬ್ಬರೇ ಅಲ್ಲ. 1968ರ ಕಥೆ ನಿಮಗೆ ನೆನಪಿರಬಹುದು. ವಿಯೆಟ್ನಾಂ ಯುದ್ಧದ ವಿರುದ್ಧ ಡೆಮಾಕ್ರಟಿಕ್ ಸೆನೆಟರ್ ಯೂಜೀನ್ ಮೆಕಾರ್ಥಿ ನಿಂತರು. ಅಧ್ಯಕ್ಷ ಜಾನ್ಸನ್ ಮಾರ್ಚ್ 31ರಂದು ಮತ್ತೆ ಸ್ಪರ್ಧಿಸುವುದಿಲ್ಲ ಎಂದರು. ಇನ್ನೊಬ್ಬ ಸ್ಪರ್ಧಿ ರಾಬರ್ಟ್ ಕೆನಡಿ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾ ಗೆದ್ದ ರಾತ್ರಿಯೇ ಗುಂಡೇಟಿಗೆ ಸಿಕ್ಕಿದರು. ಪ್ರೈಮರಿಗಳಲ್ಲಿ ಜನ ಓಟು ಹಾಕಿದ್ದು ಹೆಚ್ಚಾಗಿ ಇವರಿಬ್ಬರಿಗೆ. ಅಭ್ಯರ್ಥಿಯಾದದ್ದು ಮಾತ್ರ ಒಂದೂ ಪ್ರೈಮರಿಗೆ ನಿಲ್ಲದ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ. ಹೆಚ್ಚಿನ ರಾಜ್ಯಗಳಲ್ಲಿ ಡೆಲಿಗೇಟುಗಳನ್ನು ಪಕ್ಷದ ಮುಖಂಡರೇ ಗೊತ್ತುಮಾಡುತ್ತಿದ್ದರು. ಶಿಕಾಗೊ ಸಮಾವೇಶದ ಹೊರಗೆ ಪೊಲೀಸರು ಯುದ್ಧ ವಿರೋಧಿಸಿ ಬಂದ ಹುಡುಗರನ್ನು ಲಾಠಿಯಿಂದ ಬಡಿಯುತ್ತಿದ್ದರು. ಒಳಗೆ ಸೆನೆಟರ್ ಅಬ್ರಹಾಂ ರಿಬಿಕಾಫ್ ವೇದಿಕೆಯಿಂದಲೇ ಅದನ್ನು ಖಂಡಿಸಿದಾಗ, ಶಿಕಾಗೊ ಮೇಯರ್ ರಿಚರ್ಡ್ ಡೇಲಿ ಕೂತಲ್ಲಿಂದಲೇ ಅವರ ಮೇಲೆ ಕೂಗಾಡಿದರು. ದೇಶವೆಲ್ಲ ಟಿ.ವಿ.ಯಲ್ಲಿ ನೋಡಿತು. ನವೆಂಬರ್‌ನಲ್ಲಿ ಹಂಫ್ರಿ ಶೇ. 1ಕ್ಕಿಂತ ಕಡಿಮೆ ಅಂತರದಲ್ಲಿ ನಿಕ್ಸನ್‌ಗೆ ಸೋತರು.

ಆಗ ಸಿಟ್ಟಾದವರೆಲ್ಲ ಮನೆಯಲ್ಲಿ ಕೂತಿದ್ದರೆ ಇಂದಿನ ಪ್ರೈಮರಿ ಪದ್ಧತಿ ಇರುತ್ತಲೇ ಇರಲಿಲ್ಲ. ಅವರು ಪಕ್ಷದೊಳಗೇ ಇದ್ದು ನಿಯಮ ತಿದ್ದುವ ಸಮಿತಿ ಮಾಡಿಸಿದರು. ಜಾರ್ಜ್ ಮೆಕ್‌ಗವರ್ನ್, ಅವರ ನಂತರ ಡೊನಾಲ್ಡ್ ಫ್ರೇಸರ್ ಅದನ್ನು ನಡೆಸಿದರು. 1972ರಿಂದ ಡೆಲಿಗೇಟುಗಳ ಆಯ್ಕೆ ಬಹುಪಾಲು ಜನರ ಕೈಗೆ ಬಂತು. ಆದರೆ ಆ ವರ್ಷ ಅಭ್ಯರ್ಥಿಯಾದ ಮೆಕ್‌ಗವರ್ನ್ ಅವರೇ 49 ರಾಜ್ಯಗಳಲ್ಲಿ ಸೋತರು. ಮುಖಂಡರಿಗೆ ದಿಗಿಲಾಯಿತು. 1984ರಿಂದ ತಮಗಾಗಿ, ಪ್ರೈಮರಿ ಫಲಿತಾಂಶಕ್ಕೆ ಬದ್ಧವಲ್ಲದ ‘ಸೂಪರ್‌ಡೆಲಿಗೇಟ್’ ಎಂಬ ಜಾಗ ಮಾಡಿಕೊಂಡರು. 2016ರಲ್ಲಿ ಇವರ ಸಂಖ್ಯೆ ಏಳುನೂರು ದಾಟಿತ್ತು. ಸ್ಯಾಂಡರ್ಸ್ ಕಡೆಯವರು ಸೋತ ಮೇಲೂ ಪಟ್ಟು ಬಿಡಲಿಲ್ಲ. 2018ರ ಆಗಸ್ಟ್‌ನಲ್ಲಿ ಪಕ್ಷ ನಿಯಮ ಬದಲಿಸಿತು. ಸ್ಪರ್ಧೆ ಇದ್ದರೆ ಮೊದಲ ಸುತ್ತಿನಲ್ಲಿ ಸೂಪರ್‌ಡೆಲಿಗೇಟುಗಳು ಓಟು ಹಾಕುವಂತಿಲ್ಲ. ವಾಷಿಂಗ್ಟನ್ ರಾಜ್ಯದ ಡೆಮಾಕ್ರಟರು 2020ಕ್ಕೆ ಕಾಕಸ್ ಬಿಟ್ಟು ಪ್ರೈಮರಿಗೆ ಬಂದರು. ನ್ಯೂಯಾರ್ಕ್ ಕೂಡ ಕಾನೂನು ತಿದ್ದಿತು. ಈಗ ಅಲ್ಲಿ ಪಕ್ಷ ಬದಲಿಸುವ ಗಡುವು ಅದೇ ವರ್ಷದ ಫೆಬ್ರವರಿ 14. ನಿಮ್ಮ ಮಗನನ್ನು ವಾಪಸ್ ಕಳಿಸಿದ ಆ ಅಕ್ಟೋಬರ್ ಗಡುವು ಈಗ ಇಲ್ಲವೇ ಇಲ್ಲ.

ನಮ್ಮ ಪದ್ಧತಿ ವಾಸಿ ಅಂದಿರಿ. 2023ರ ವಿಧಾನಸಭಾ ಚುನಾವಣೆ ನೆನಪಿಸಿಕೊಳ್ಳಿ. ಹಿಂದೆ ಮುಖ್ಯಮಂತ್ರಿ ಆಗಿದ್ದ ಜಗದೀಶ ಶೆಟ್ಟರ್ ಅವರಿಗೇ ಟಿಕೆಟ್ ತಪ್ಪಿತು, ಅವರು ಪಕ್ಷ ಬಿಟ್ಟರು. ತಪ್ಪಿಸಿದ್ದು ಸರಿಯೋ ತಪ್ಪೋ ಎಂದು ಹುಬ್ಬಳ್ಳಿಯ ಸಾಮಾನ್ಯ ಕಾರ್ಯಕರ್ತನನ್ನು ಓಟಿಗೆ ಹಾಕಿ ಕೇಳಲಿಲ್ಲ. ಬಿ ಫಾರಂ ಯಾರ ಕೈಗೆ ಹೋಗುತ್ತದೆ ಎಂದು ಕೊನೆ ಗಳಿಗೆವರೆಗೂ ಕಾಯುವುದೇ ನಮ್ಮ ಪಾಲಿಗೆ ಬಂದದ್ದು. ಒಳಜಗಳ ನಮ್ಮಲ್ಲೂ ಇದೆ, ಅದು ಬಂಡಾಯವಾಗಿ ಹೊರಬರುತ್ತದೆ, ಅಷ್ಟೇ. ಅವರಲ್ಲಿ ಆ ಜಗಳ ಓಟಿನಿಂದ ತೀರ್ಮಾನವಾಗುವ ದಾರಿಯಾದರೂ ಇದೆ. ಅದನ್ನು ಬಿಟ್ಟುಕೊಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಮಗನಿಗೆ ಫೋನ್ ಮಾಡಿದಾಗ ಇನ್ನೊಂದು ಸಂಗತಿ ಹೇಳಿ. ಪ್ರೈಮರಿ ಅಂದರೆ ಅಧ್ಯಕ್ಷರದ್ದು ಮಾತ್ರ ಅಲ್ಲ. 2018ರ ಜೂನ್ 26ರಂದು ಅವರದೇ ಕ್ವೀನ್ಸ್ ಮತ್ತು ಬ್ರಾಂಕ್ಸ್‌ನ ಭಾಗಗಳು ಸೇರಿದ ಕ್ಷೇತ್ರದಲ್ಲಿ, ಹತ್ತು ಸಲ ಗೆದ್ದಿದ್ದ ಜೋ ಕ್ರೌಲಿ ಅವರನ್ನು 28 ವರ್ಷದ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕೋರ್ಟೆಜ್ ಸೋಲಿಸಿದರು. ಕ್ರೌಲಿ ಸಂಸತ್ತಿನ ಕೆಳಮನೆಯಲ್ಲಿ ಪಕ್ಷದ ದೊಡ್ಡ ಮುಖಂಡರಲ್ಲೊಬ್ಬರು. ಆಕೆಗೆ ಬಿದ್ದದ್ದು ಸುಮಾರು 17 ಸಾವಿರ ಓಟು, ಅವರಿಗೆ ಸುಮಾರು 13 ಸಾವಿರ. ಲಕ್ಷಗಟ್ಟಲೆ ಜನರಿರುವ ಕ್ಷೇತ್ರದಲ್ಲಿ ಇಷ್ಟೇ ಜನ ಬಂದರು. ಅಲ್ಲಿ ಒಂದೊಂದು ಓಟಿಗೂ ಎಷ್ಟು ತೂಕ ನೋಡಿ. ನಿಮ್ಮ ಮಗ ಈಗ ಯಾವ ಪಕ್ಷದ ಪಟ್ಟಿಯಲ್ಲಿದ್ದಾರೆ ಎಂದು ನ್ಯೂಯಾರ್ಕ್ ಚುನಾವಣಾ ಮಂಡಳಿಯ ಜಾಲತಾಣದಲ್ಲಿ ಐದು ನಿಮಿಷದಲ್ಲಿ ನೋಡಬಹುದು. ಬದಲಿಸಬೇಕೆಂದಿದ್ದರೆ ಫೆಬ್ರವರಿ 14ರ ಒಳಗೆ ಅರ್ಜಿ ಮುಟ್ಟಿಸಲಿ.

— ಸಂಪಾದಕ