ಎಸ್‌ಡಿಆರ್‌ನಲ್ಲಿ ಬರೀ ಗುಂಯ್ ಸದ್ದೇ? ಫಿಲ್ಟರ್ ಹುಡುಕುವ ಮೊದಲು ಮೈನ್ ಸ್ವಿಚ್ ಆರಿಸಿ ನೋಡಿ

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಮಡಿಕೇರಿ ಹತ್ತಿರ ತೋಟದ ಮನೆ, ಆರ್‌ಟಿಎಲ್-ಎಸ್‌ಡಿಆರ್ ವಿ3 ಡಾಂಗಲ್ (ಲ್ಯಾಪ್‌ಟಾಪ್‌ನ ಯುಎಸ್‌ಬಿಗೆ ಸಿಕ್ಕಿಸಿ ಸಾಫ್ಟ್‌ವೇರ್‌ನಲ್ಲಿ ರೇಡಿಯೋ ಕೇಳುವ ಪುಟ್ಟ ಸಾಧನ) ತಗೊಂಡಿದ್ದೀರಿ, 7 ಮೆಗಾಹರ್ಟ್ಸ್‌ನಲ್ಲಿ ಹ್ಯಾಮ್‌ಗಳ (ಹವ್ಯಾಸಿ ರೇಡಿಯೋದವರ) ಮಾತು ಕೇಳಬೇಕು ಅಂತ ಆಸೆ, ಆದರೆ ಬರುವುದು ಬರೀ ಗುಂಯ್ ಸದ್ದು, ನಡುವೆ ಟಕ್ ಟಕ್. 144 ಮೆಗಾಹರ್ಟ್ಸ್ ಕಡೆ ಹೋದರೆ ಆಕಾಶವಾಣಿಯ ಹಾಡು ಇರಬಾರದ ಜಾಗದಲ್ಲೆಲ್ಲ ಕೇಳುತ್ತದೆ. ಸಾಫ್ಟ್‌ವೇರ್‌ನಲ್ಲಿ ಯಾವ ಫಿಲ್ಟರ್ ಆನ್ ಮಾಡಬೇಕು ಅಂತ ಕೇಳಿದ್ದೀರಿ.

ಸಾಫ್ಟ್‌ವೇರ್ ಕೊನೆಗೆ ನೋಡೋಣ. ಗದ್ದಲವೂ ಮಾತೂ ಒಂದೇ ಫ್ರೀಕ್ವೆನ್ಸಿಯಲ್ಲಿ ಒಟ್ಟಿಗೆ ಆಂಟೆನಾಕ್ಕೆ ಬಿದ್ದ ಮೇಲೆ ಅವನ್ನು ಬೇರೆ ಮಾಡುವುದು ಎಷ್ಟೇ ಒಳ್ಳೆಯ ಪ್ರೋಗ್ರಾಂ ಆದರೂ ಕಷ್ಟ. ಗದ್ದಲ ಎಲ್ಲಿ ಹುಟ್ಟುತ್ತಿದೆ ಅಂತ ಹುಡುಕಿ ಅಲ್ಲೇ ನಿಲ್ಲಿಸಬೇಕು, ಆಗದಿದ್ದರೆ ಆಂಟೆನಾವನ್ನು ಅದರಿಂದ ದೂರ ಒಯ್ಯಬೇಕು. ನಾನೂ ನಾಪೋಕ್ಲು ಕಡೆಯ ಕಾಫಿ ತೋಟದಲ್ಲೇ ಇರುವವನು, ಹಾಗಾಗಿ ನಮ್ಮ ಕಡೆ ಏನೇನು ಕಾಟ ಕೊಡುತ್ತದೆ ಅಂತ ಹೇಳುತ್ತೇನೆ.

ಮೊದಲು ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿ. ವಾಟರ್‌ಫಾಲ್ (ಸಾಫ್ಟ್‌ವೇರ್‌ನ ಪರದೆಯಲ್ಲಿ ಮೇಲಿಂದ ಕೆಳಗೆ ಹರಿಯುವ ಸಿಗ್ನಲ್‌ಗಳ ಚಿತ್ರ) ನೋಡುತ್ತಾ ಕೂತಿರಿ, ಮನೆಯವರೊಬ್ಬರಿಗೆ ಮೈನ್ ಸ್ವಿಚ್ ಆರಿಸಲು ಹೇಳಿ. ಇನ್ವರ್ಟರ್ ಇದ್ದರೆ ಅದನ್ನೂ ಆರಿಸಬೇಕು, ಇಲ್ಲದಿದ್ದರೆ ಅದು ತಕ್ಷಣ ಚಾಲೂ ಆಗಿ ಪರೀಕ್ಷೆಯನ್ನೇ ಕೆಡಿಸುತ್ತದೆ. ಗದ್ದಲ ಧೊಪ್ ಅಂತ ಕೆಳಗೆ ಇಳಿದರೆ ಕಳ್ಳ ಮನೆಯೊಳಗೇ ಇದ್ದಾನೆ. ಆಮೇಲೆ ಒಂದೊಂದೇ ಎಂಸಿಬಿ ಹಾಕುತ್ತಾ ಬನ್ನಿ, ಯಾವುದು ಹಾಕಿದಾಗ ಮತ್ತೆ ಏರುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಸಾಮಾನ್ಯವಾಗಿ ಸಿಗುವುದು ಕಡಿಮೆ ಬೆಲೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ವೈಫೈ ರೂಟರ್‌ನ ಅಡಾಪ್ಟರ್, ಸೋಲಾರ್ ಪ್ಯಾನೆಲ್‌ನ ಚಾರ್ಜ್ ಕಂಟ್ರೋಲರ್. ಇವೆಲ್ಲದರ ಒಳಗೂ ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಕತ್ತರಿಸುವ ಸ್ವಿಚಿಂಗ್ ಸರ್ಕ್ಯೂಟ್ ಇದೆ. ವಾಟರ್‌ಫಾಲ್‌ನಲ್ಲಿ ಅದು ಸಮ ಅಂತರದ ಗೆರೆಗಳಾಗಿ ಕಾಣುತ್ತದೆ, ಗೆರೆಗಳು ಸ್ವಲ್ಪ ಮಸುಕು, ಒಂದೇ ಕಡೆ ನಿಲ್ಲದೆ ಮೆಲ್ಲಗೆ ಆಚೀಚೆ ಸರಿಯುತ್ತಿರುತ್ತವೆ. ಒಮ್ಮೆ ನೋಡಿದರೆ ಮತ್ತೆ ಮರೆಯುವುದಿಲ್ಲ.

ನಮಗೆ ಇನ್ನೊಂದು ಅನುಕೂಲ ಇದೆ. ಜೂನ್-ಜುಲೈನಲ್ಲಿ ಮರ ಬಿದ್ದು ಊರಿಗೆ ಊರೇ ಕರೆಂಟ್ ಹೋಗುತ್ತದಲ್ಲ, ಆಗ ಬೈಯುತ್ತಾ ಕೂರದೆ ಡಾಂಗಲ್ ಹಾಕಿ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನಿಮ್ಮ ಜಾಗದಲ್ಲಿ ನಾಯ್ಸ್ ಫ್ಲೋರ್ (ಯಾವ ಸ್ಟೇಷನ್ ಇಲ್ಲದಾಗಲೂ ಉಳಿಯುವ ಗದ್ದಲದ ಮಟ್ಟ) ಎಷ್ಟು ಕೆಳಗೆ ಹೋಗಬಲ್ಲದು ಅಂತ ಅದರಿಂದ ಗೊತ್ತಾಗುತ್ತದೆ. ನಿಮ್ಮ ಮೈನ್ ಆರಿಸಿದಾಗ ಹೋಗದ ಗದ್ದಲ ಊರಿನ ಕರೆಂಟ್ ಹೋದಾಗ ಹೋದರೆ ಅದು ಪಕ್ಕದ ಮನೆಯದು ಅಥವಾ ಲೈನಿನದು. ಎರಡಕ್ಕೂ ಹೋಗದಿದ್ದರೆ ಬ್ಯಾಟರಿಯಲ್ಲಿ ಓಡುವ ಯಾವುದೋ ಒಂದು. ಅದು ಬಹುತೇಕ ಬೇಲಿ.

ನೀವು ಹೇಳಿದ ಟಕ್ ಟಕ್ ಓದಿದಾಗಲೇ ನನಗೆ ಸೋಲಾರ್ ಬೇಲಿ ನೆನಪಾಯಿತು. ಆನೆ ಬಾರದ ಹಾಗೆ ತೋಟದ ಸುತ್ತ ಹಾಕುವ ಬೇಲಿಯ ಎನರ್ಜೈಸರ್ ಸುಮಾರು ಸೆಕೆಂಡಿಗೊಮ್ಮೆ ಕೆಲವು ಸಾವಿರ ವೋಲ್ಟಿನ ಹೊಡೆತ ಬಿಡುತ್ತದೆ. ವಾಟರ್‌ಫಾಲ್‌ನಲ್ಲಿ ಈ ತುದಿಯಿಂದ ಆ ತುದಿಗೆ ಒಂದು ಅಡ್ಡಗೆರೆ, ಒಂದು ಸೆಕೆಂಡ್ ಬಿಟ್ಟು ಇನ್ನೊಂದು ಅಡ್ಡಗೆರೆ, ಏಣಿಯ ಮೆಟ್ಟಿಲ ಹಾಗೆ. ಸರಿಯಾಗಿರುವ ಬೇಲಿ ಅಷ್ಟೇನೂ ಸದ್ದು ಮಾಡುವುದಿಲ್ಲ. ಕಿಡಿ ಹಾರುವ ಬೇಲಿ ಮಾಡುತ್ತದೆ, ಅದೂ ಕಿಲೋಮೀಟರ್‌ಗಟ್ಟಲೆ ಎಳೆದ ತಂತಿಯೇ ಆಂಟೆನಾ ಆಗಿ ಆ ಕಿಡಿಯನ್ನು ಪ್ರಸಾರ ಮಾಡಿಬಿಡುತ್ತದೆ. ಕತ್ತಲಾದ ಮೇಲೆ ಬೇಲಿ ಉದ್ದಕ್ಕೂ, ತಂತಿಯಿಂದ ದೂರವೇ ನಿಂತು, ಸುಮ್ನೆ ಕಿವಿ ಕೊಟ್ಟು ನೋಡಿ. ಸೀಳಿದ ಇನ್ಸುಲೇಟರ್ ಇದ್ದಲ್ಲಿ ಚಟ್ ಅಂತ ಕೇಳುತ್ತದೆ, ನೀಲಿ ಕಿಡಿಯೂ ಕಾಣಬಹುದು. ತಂತಿ ಜೋಡಿಸಿದ ಗಂಟು ಸಡಿಲ ಆಗಿರುವ ಕಡೆ, ಬಳ್ಳಿ ಹಬ್ಬಿ ತಂತಿ ಮುಟ್ಟಿರುವ ಕಡೆ, ಎಲ್ಲ ಕಡೆಯೂ ಅದೇ ಕಥೆ. ಬೇಲಿ ನಿಮ್ಮದೇ ಆದರೆ ಹಗಲಲ್ಲಿ ಎನರ್ಜೈಸರ್ ಆರಿಸಿ ಹುಲ್ಲು ಸವರಿಸಿ, ಇನ್ಸುಲೇಟರ್ ಬದಲಿಸಿ, ಗಂಟಿನ ಬದಲು ಕ್ಲಾಂಪ್ ಹಾಕಿ. ಹೀಗೆ ಮಾಡಿದರೆ ಬೇಲಿಯ ಹೊಡೆತವೂ ಜೋರಾಗುತ್ತದೆ, ರೇಡಿಯೋನೂ ಶಾಂತವಾಗುತ್ತದೆ. ಆದರೆ ರೇಡಿಯೋ ಕೇಳಲು ಅಂತ ರಾತ್ರಿ ಬೇಲಿ ಆರಿಸಲೇಬೇಡಿ. ಅರಣ್ಯ ಇಲಾಖೆಯ ಬೇಲಿಯಾದರೆ ಮುಟ್ಟಲೂ ಹೋಗಬೇಡಿ, ಕಿಡಿ ಇರುವ ಜಾಗ ತಿಳಿಸಿ ಅಷ್ಟೇ.

ಇನ್ನು ಗುಂಯ್ ಸದ್ದು ಒಣಹವೆಯ ಜನವರಿ-ಫೆಬ್ರವರಿಯಲ್ಲಿ ಜಾಸ್ತಿ, ಮಳೆ ಬಿದ್ದ ತಕ್ಷಣ ಕಡಿಮೆ ಅಂತಾದರೆ ತೋಟದ ಮೇಲೆ ಹೋಗುವ 11 ಕೆವಿ ಲೈನನ್ನು ಅನುಮಾನಿಸಿ. ಸಡಿಲ ಕ್ಲಾಂಪ್ ಅಥವಾ ಬಿರುಕು ಬಿಟ್ಟ ಇನ್ಸುಲೇಟರ್‌ನಲ್ಲಿ ಕಿಡಿ ಹಾರಿದರೆ ನಮ್ಮ 50 ಹರ್ಟ್ಸ್ ಕರೆಂಟಿನ ಎರಡರಷ್ಟು, ಅಂದರೆ 100 ಹರ್ಟ್ಸ್‌ನ ಒರಟು ಗುಂಯ್ ಬರುತ್ತದೆ. ಕೈಯಲ್ಲಿ ಹಿಡಿಯುವ ರೇಡಿಯೋ ಮೀಡಿಯಂ ವೇವ್‌ನಲ್ಲಿ ಇಟ್ಟು ಲೈನ್ ಕೆಳಗೆ ನಡೆಯಿರಿ, ಸದ್ದು ಜೋರಾದಲ್ಲಿ ಶಾರ್ಟ್ ವೇವ್‌ಗೆ ಬದಲಿಸಿ ಮತ್ತೆ ನಡೆಯಿರಿ. ಫ್ರೀಕ್ವೆನ್ಸಿ ಮೇಲೆ ಹೋದಷ್ಟೂ ಗದ್ದಲ ಹತ್ತಿರದಲ್ಲಿ ಮಾತ್ರ ಕೇಳುತ್ತದೆ, ಹಾಗಾಗಿ ಕೊನೆಗೆ ಒಂದೆರಡು ಕಂಬಕ್ಕೆ ಬಂದು ನಿಲ್ಲುತ್ತೀರಿ. ಆ ಕಂಬದ ನಂಬರ್ ಬರೆದು ಲೈನ್‌ಮನ್‌ಗೆ ಕೊಡಿ. ಕಂಬಕ್ಕೆ ಬಡಿದು ಪರೀಕ್ಷೆ ಮಾಡುವುದು, ಹತ್ತುವುದು ಬೇಡವೇ ಬೇಡ.

ಮೂಲವನ್ನು ನಿಲ್ಲಿಸಲು ಆಗದಿದ್ದರೆ ಆಂಟೆನಾ ಸರಿಸಿ. ಇದರಲ್ಲಿ ಸಿಗುವಷ್ಟು ಲಾಭ ಬೇರೆ ಯಾವುದರಲ್ಲೂ ಸಿಗುವುದಿಲ್ಲ, ಮತ್ತು ತೋಟದವರಿಗೆ ಇರುವಷ್ಟು ಜಾಗ ಬೆಂಗಳೂರಿನ ಫ್ಲಾಟ್‌ನವರಿಗೆ ಕನಸು. ಮನೆಯ ಗದ್ದಲ ದೂರ ಹೋದ ಹಾಗೆ ಬೇಗ ಸೋಲುತ್ತದೆ. ಡಾಂಗಲ್ ಜೊತೆ ಬಂದ ಪುಟ್ಟ ಕಡ್ಡಿಯನ್ನು ಕಿಟಕಿ ಹತ್ತಿರ ಇಡುವುದು ಬಿಟ್ಟು, ಮನೆಯಿಂದ 25-30 ಮೀಟರ್ ಆಚೆ ಎರಡು ಸಿಲ್ವರ್ ಓಕ್ ನಡುವೆ ಡೈಪೋಲ್ ಕಟ್ಟಿ. 7.1 ಮೆಗಾಹರ್ಟ್ಸ್‌ಗೆ ಒಟ್ಟು ಸುಮಾರು 20 ಮೀಟರ್ ತಂತಿ, ಮಧ್ಯದಲ್ಲಿ ಕತ್ತರಿಸಿ ಎರಡು ಕಡೆಗೂ ಹತ್ತತ್ತು ಮೀಟರ್. ಕೇಳಲು ಮಾತ್ರ ಆದ್ದರಿಂದ ತುಂಬಾ ಎತ್ತರ ಬೇಕಿಲ್ಲ. ಗಾಳಿಗೆ ಮರ ತೂಗುತ್ತದೆ, ಹಗ್ಗ ಸ್ವಲ್ಪ ಸಡಿಲ ಬಿಡಿ. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿಯನ್ನು ಲೈನ್ ಹತ್ತಿರ ಎತ್ತಬೇಡಿ, ನಮ್ಮ ತೋಟಗಳಲ್ಲಿ ಅದರಿಂದ ಜೀವ ಹೋಗಿವೆ. ಆಂಟೆನಾ ತಂತಿಯು ಬೇಲಿಗೂ ಕರೆಂಟ್ ಲೈನಿಗೂ ಸಮಾನಾಂತರವಾಗಿ ಓಡಬಾರದು, ಅಡ್ಡ ದಿಕ್ಕಿಗೆ ಇದ್ದರೆ ಒಳ್ಳೆಯದು.

ಕೇಬಲ್‌ಗೆ ಡಿಶ್ ಟಿವಿಗೆ ಹಾಕುವ ಆರ್‌ಜಿ-6 ಸಾಕು. 75 ಓಮ್, 50 ಓಮ್ ಅಂತ ತಲೆ ಕೆಡಿಸಿಕೊಳ್ಳಬೇಡಿ, ಕೇಳುವವರಿಗೆ ಆ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಲೆಕ್ಕಕ್ಕೆ ಬರುವುದು ಇನ್ನೊಂದು: ಮನೆಯ ಗದ್ದಲ ಆ ಕೇಬಲ್‌ನ ಹೊರ ಜಾಲರಿಯ ಮೇಲೇ ಹರಿದು ಆಂಟೆನಾವರೆಗೆ ಹೋಗಿ, ಅಲ್ಲಿಂದ ಒಳಗೆ ಸೇರಿ ವಾಪಸ್ ಬರುತ್ತದೆ. ಆಂಟೆನಾ ದೂರ ಒಯ್ದರೂ ಗದ್ದಲ ಹೋಗಲಿಲ್ಲ ಅನ್ನುವವರ ತೊಂದರೆ ಹೆಚ್ಚಾಗಿ ಇದೇ. ಅದಕ್ಕೆ ಮಿಕ್ಸ್ 31 ಅನ್ನುವ ಬಗೆಯ ಫೆರೈಟ್ ರಿಂಗ್‌ಗೆ (ಇಂಥ ಗದ್ದಲ ತಡೆಯುವ ಕಾಂತೀಯ ಉಂಗುರ) ಕೇಬಲನ್ನು ಹತ್ತು-ಹನ್ನೆರಡು ಸುತ್ತು ಸುತ್ತಿ, ಒಂದು ಆಂಟೆನಾಕ್ಕೆ ಕೇಬಲ್ ಸೇರುವ ಜಾಗದಲ್ಲಿ, ಒಂದು ಕೇಬಲ್ ಮನೆಯೊಳಗೆ ಬರುವ ಜಾಗದಲ್ಲಿ. ಆರ್‌ಜಿ-6 ದಪ್ಪ ಮತ್ತು ಬಿರುಸು, ಸುತ್ತಲು ಒದ್ದಾಡಬೇಕಾದರೆ ಆ ಭಾಗಕ್ಕೆ ಮಾತ್ರ ತೆಳು ಆರ್‌ಜಿ-174 ತುಂಡು ಹಾಕಿ. ಡಾಂಗಲನ್ನು ನೇರ ಲ್ಯಾಪ್‌ಟಾಪ್‌ಗೆ ಸಿಕ್ಕಿಸಬೇಡಿ, ಒಂದೆರಡು ಮೀಟರ್‌ನ ಒಳ್ಳೆಯ ಯುಎಸ್‌ಬಿ ಎಕ್ಸ್‌ಟೆನ್ಷನ್ ಬಳಸಿ, ಅದಕ್ಕೂ ಒಂದು ಕ್ಲಿಪ್ ಫೆರೈಟ್ ಹಾಕಿ. ಪಕ್ಕದ ಯುಎಸ್‌ಬಿ 3 ಪೋರ್ಟ್‌ನಲ್ಲಿ ಹಾರ್ಡ್‌ಡಿಸ್ಕ್ ಓಡುತ್ತಿದ್ದರೆ ಅದನ್ನೂ ತೆಗೆಯಿರಿ.

ಜಾಗವೇ ಇಲ್ಲ ಅನ್ನುವವರು ಒಂದು ಮೀಟರ್ ಅಗಲದ ಲೂಪ್ ಆಂಟೆನಾ ಮಾಡಿ ತಿರುಗಿಸಬಹುದು. ಒಂದು ದಿಕ್ಕಿಗೆ ಬಂದಾಗ ಗದ್ದಲ ಕುಸಿಯುತ್ತದೆ.

ಈಗ ಆಕಾಶವಾಣಿ ವಿಷಯ. ಮಡಿಕೇರಿ ಕೇಂದ್ರ ಇರುವುದು 103.1 ಮೆಗಾಹರ್ಟ್ಸ್‌ನಲ್ಲಿ. ನೀವು ಹತ್ತಿರದಲ್ಲೇ ಇದ್ದೀರಿ, ಆ ಸಿಗ್ನಲ್ ಡಾಂಗಲ್‌ಗೆ ವಿಪರೀತ ಜೋರು. ಒಳಗಿನ ಆರ್‌ಟಿಎಲ್2832ಯು ಚಿಪ್ 8 ಬಿಟ್‌ನದು, ಬರೀ 256 ಹಂತದಲ್ಲಿ ಅಳೆಯುತ್ತದೆ, ಅದರ ಮುಂದಿರುವ ಟ್ಯೂನರ್‌ಗೂ ಒಂದು ಮಿತಿ ಇದೆ. ಮಿತಿ ಮೀರಿದಾಗ ಹಾಡಿನ ನಕಲುಗಳು ಬೇರೆ ಕಡೆ ಹುಟ್ಟುತ್ತವೆ. ಇದಕ್ಕೆ ಪರೀಕ್ಷೆ ಸುಲಭ. ಎಜಿಸಿ (ಗೇನನ್ನು ತಾನಾಗಿಯೇ ಹೊಂದಿಸುವ ವ್ಯವಸ್ಥೆ) ಆರಿಸಿ, ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಒಂದೆರಡು ಹಂತ ಇಳಿಸಿ. ನಿಜವಾದ ಸಿಗ್ನಲ್ ಸ್ವಲ್ಪ ಇಳಿಯುತ್ತದೆ, ನಕಲು ಮಾತ್ರ ಧಡಕ್ಕನೆ ಮಾಯವಾಗುತ್ತದೆ. ಗೇನ್ ಇಳಿಸಿದ್ದೂ ಸಾಲದಿದ್ದರೆ 88ರಿಂದ 108 ಮೆಗಾಹರ್ಟ್ಸ್ ತಡೆಯುವ ಎಫ್ಎಂ ಬ್ಯಾಂಡ್‌ಸ್ಟಾಪ್ ಫಿಲ್ಟರ್ ಒಂದನ್ನು ಡಾಂಗಲ್ ಮುಂದೆ ಹಾಕಿ. ಮಡಿಕೇರಿ ಸುತ್ತಮುತ್ತ ಇರುವವರು ಇದನ್ನು ಡಾಂಗಲ್ ಜೊತೆಗೇ ಕೊಳ್ಳುವುದು ಒಳ್ಳೆಯದು. ಅಂದಹಾಗೆ ವಿ3ಯಲ್ಲಿ 7 ಮೆಗಾಹರ್ಟ್ಸ್ ಕೇಳುವುದು ಡೈರೆಕ್ಟ್ ಸ್ಯಾಂಪ್ಲಿಂಗ್‌ನ ಕ್ಯೂ ಬ್ರಾಂಚ್‌ನಲ್ಲಿ (ಸಿಗ್ನಲನ್ನು ನೇರ ಆ ಚಿಪ್‌ಗೇ ಕೊಡುವ ಸೆಟ್ಟಿಂಗ್). ಅಲ್ಲಿ ಟ್ಯೂನರ್ ಬಳಕೆಯಲ್ಲೇ ಇರುವುದಿಲ್ಲ, ಆದ್ದರಿಂದ ಗೇನ್ ಎಳೆದಾಡಿ ಏನೂ ಆಗುವುದಿಲ್ಲ.

ಇಷ್ಟಾದ ಮೇಲೆ ಸಾಫ್ಟ್‌ವೇರ್. ಎಸ್‌ಡಿಆರ್++ ಇರಲಿ ಬೇರೆ ಯಾವುದೇ ಇರಲಿ, ಮೊದಲು ಫಿಲ್ಟರ್ ಅಗಲ ಸರಿ ಮಾಡಿ: 7 ಮೆಗಾಹರ್ಟ್ಸ್‌ನ ಹ್ಯಾಮ್ ಮಾತಿಗೆ ಎಲ್‌ಎಸ್‌ಬಿ (ಲೋವರ್ ಸೈಡ್‌ಬ್ಯಾಂಡ್) ಮೋಡ್, ಅಗಲ 2.4ರಿಂದ 2.7 ಕಿಲೋಹರ್ಟ್ಸ್. ಅಗಲ ಅರ್ಧ ಆದರೆ ಒಳಗೆ ಬರುವ ಗದ್ದಲವೂ ಅರ್ಧ, ಅಂದರೆ 3 ಡಿಬಿ ಲಾಭ. ಬೇಲಿಯ ಟಕ್ ಟಕ್‌ಗೆ ನಾಯ್ಸ್ ಬ್ಲಾಂಕರ್ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಆ ಹೊಡೆತ ತೀರಾ ಚಿಕ್ಕದು, ಅಷ್ಟು ಹೊತ್ತು ಮಾತ್ರ ಸದ್ದು ಮುಚ್ಚಿದರೆ ಕಿವಿಗೆ ಗೊತ್ತೇ ಆಗುವುದಿಲ್ಲ. ನಾಯ್ಸ್ ರಿಡಕ್ಷನ್ ಮಾತ್ರ ಸ್ವಲ್ಪವೇ ಹಾಕಿ. ಜಾಸ್ತಿ ಮಾಡಿದರೆ ಮಾತು ನೀರೊಳಗಿಂದ ಬಂದ ಹಾಗೆ ಕೇಳುತ್ತದೆ, ಕ್ಷೀಣ ಸ್ಟೇಷನ್ ಇದ್ದದ್ದೂ ಹೋಗುತ್ತದೆ.

ಏಪ್ರಿಲ್-ಮೇ ಸಂಜೆಯ ಕರಕರ ಸಿಡಿತ ಸಿಡಿಲಿನದು, ಅದಕ್ಕೆ ಯಾವ ಮದ್ದೂ ಇಲ್ಲ. ಮೋಡ ಕಟ್ಟಿದ್ದು ಕಂಡ ತಕ್ಷಣ ಆಂಟೆನಾ ಕೇಬಲ್ ಕಿತ್ತು ಮನೆಯ ಹೊರಗೆ ಹಾಕಿ, ಬೆಳಗ್ಗೆ ಕೇಳಿ. ಮೈನ್ ಆರಿಸುವ ಮೊದಲು ಒಂದು, ಆರಿಸಿದ ಮೇಲೆ ಒಂದು ವಾಟರ್‌ಫಾಲ್ ಚಿತ್ರ ಇಲ್ಲಿ ಹಾಕಿದರೆ ಗೆರೆ ನೋಡಿ ಯಾವುದರ ಕಾಟ ಅಂತ ಹೇಳಲು ಪ್ರಯತ್ನಿಸುತ್ತೇನೆ.