ಹಳೆಯ ಕಾಲದ ಬಾರ್‌ಗಳಲ್ಲಿದ್ದ ಜೂಜಿನ ಯಂತ್ರಗಳು, ಅಂದರೆ ಸ್ಲಾಟ್ ಯಂತ್ರಗಳು, ಹೇಗೆ ಹುಟ್ಟಿದವು?

ಇವುಗಳ ಮೂಲವನ್ನು ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿದ್ದ ಸಲೂನುಗಳಲ್ಲಿ, ಅಂದರೆ ಮದ್ಯದಂಗಡಿಗಳಲ್ಲಿ, ಹುಡುಕಬೇಕು. 1891ರ ಸುಮಾರಿಗೆ ಬ್ರೂಕ್ಲಿನ್‌ನ ಸಿಟ್‌ಮನ್ ಮತ್ತು ಪಿಟ್ ಸಂಸ್ಥೆಯು ತಯಾರಿಸಿದ ಯಂತ್ರದಲ್ಲಿ ಐದು ಉರುಳೆಗಳಿದ್ದು, ಅವುಗಳ ಮೇಲೆ ಒಟ್ಟು 50 ಇಸ್ಪೀಟು ಎಲೆಗಳಿರುತ್ತಿದ್ದವು. ಐದು ಸೆಂಟಿನ ನಾಣ್ಯ ಹಾಕಿ ಹಿಡಿಕೆ ಎಳೆದರೆ ಉರುಳೆಗಳು ತಿರುಗಿ, ಪೋಕರ್ ಆಟದ ಐದು ಎಲೆಗಳು ಸಾಲಾಗಿ ನಿಲ್ಲುತ್ತಿದ್ದವು. ಯಂತ್ರವು ತಾನಾಗಿ ಹಣ ಕೊಡುತ್ತಿರಲಿಲ್ಲ. ಗೆದ್ದವರಿಗೆ ಅಂಗಡಿಯವರೇ ಬಿಯರನ್ನೋ ಸಿಗಾರನ್ನೋ ಕೊಡುತ್ತಿದ್ದರು. ಕಟ್ಟಿನ 52 ಎಲೆಗಳಲ್ಲಿ ಸಾಮಾನ್ಯವಾಗಿ ಇಸ್ಪೀಟ್ (ಸ್ಪೇಡ್) ಗುರುತಿನ ಹತ್ತನ್ನೂ ಆಟೀನ್ (ಹಾರ್ಟ್) ಗುರುತಿನ ಗುಲಾಮನನ್ನೂ ಕೈಬಿಡಲಾಗುತ್ತಿತ್ತು. ಇದರಿಂದ ಅತ್ಯುನ್ನತ ಗೆಲುವಾದ ರಾಯಲ್ ಫ್ಲಶ್ (ಒಂದೇ ಗುರುತಿನ ಹತ್ತು, ಗುಲಾಮ, ರಾಣಿ, ರಾಜ, ಎಕ್ಕ) ಕೂಡಿಬರುವ ನಾಲ್ಕು ಬಗೆಗಳಲ್ಲಿ ಎರಡು ಮೊದಲೇ ಇಲ್ಲವಾಗುತ್ತಿದ್ದವು. ಆಟಗಾರನಿಗೆ ತಿಳಿಯದಂತೆ ಅವನ ಅವಕಾಶವನ್ನು ಕುಗ್ಗಿಸುವ ಈ ಲೆಕ್ಕಾಚಾರವೇ ಇಡೀ ಇತಿಹಾಸದಲ್ಲಿ ಎಲ್ಲಕ್ಕಿಂತ ಮುಖ್ಯವಾದುದೆಂದು ನಾನು ಭಾವಿಸುತ್ತೇನೆ.

ಪೋಕರಿನಲ್ಲಿ ಗೆಲ್ಲುವ ಜೋಡಣೆಗಳು ಹಲವಾರು ಇದ್ದುದರಿಂದ ಯಂತ್ರವೇ ಬಹುಮಾನ ಕೊಡುವಂತೆ ಮಾಡುವುದು ಕಷ್ಟವಾಗಿತ್ತು. ಬವೇರಿಯಾದಲ್ಲಿ ಹುಟ್ಟಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನೆಲೆಸಿದ್ದ ಮೆಕ್ಯಾನಿಕ್ ಚಾರ್ಲ್ಸ್ ಫೇ 1890ರ ದಶಕದಲ್ಲಿ ಉರುಳೆಗಳನ್ನು ಮೂರಕ್ಕೂ ಚಿಹ್ನೆಗಳನ್ನು ಐದಕ್ಕೂ ಇಳಿಸಿ ಈ ತೊಡಕನ್ನು ಬಿಡಿಸಿದರು. ಅವರ 'ಲಿಬರ್ಟಿ ಬೆಲ್' ಯಂತ್ರದಲ್ಲಿ ಗಂಟೆಯ (ಬೆಲ್) ಮೂರು ಚಿತ್ರಗಳು ಒಂದೇ ಸಾಲಿಗೆ ಬಂದರೆ 50 ಸೆಂಟು ತಾನಾಗಿಯೇ ಹೊರಬೀಳುತ್ತಿತ್ತು.

ಸ್ಯಾನ್ ಫ್ರಾನ್ಸಿಸ್ಕೊ ನಗರವು 1909ರಲ್ಲಿ ಇಂಥ ಯಂತ್ರಗಳನ್ನು ನಿಷೇಧಿಸಿತು. ಕಾನೂನಿನ ಕಣ್ಣು ತಪ್ಪಿಸಲು ತಯಾರಕರು ಇವನ್ನು ಚೂಯಿಂಗ್ ಗಮ್ ಮಾರುವ ಯಂತ್ರಗಳೆಂದು ತೋರಿಸತೊಡಗಿದರು. ಗಮ್ಮಿನ ರುಚಿಗಳನ್ನು ಸೂಚಿಸುತ್ತಿದ್ದ ಚೆರಿ, ಪ್ಲಮ್ ಮುಂತಾದ ಹಣ್ಣಿನ ಚಿತ್ರಗಳು ಸ್ಲಾಟ್ ಯಂತ್ರಗಳಲ್ಲಿ ಇಂದಿಗೂ ಉಳಿದುಬಂದಿವೆ.