ಓಟ, ಭಾರ ಎತ್ತುವುದು, ಇಂಟರ್ವಲ್ ತರಬೇತಿ: ರೋಗನಿರೋಧಕ ಶಕ್ತಿಗೆ ಯಾವುದು ಒಳ್ಳೆಯದು?

ನೀವು ಎರಡು ವಿಷಯ ಕೇಳಿದ್ದೀರಿ: ಓಟ, ಭಾರ ಎತ್ತುವುದು, ಇಂಟರ್ವಲ್ ತರಬೇತಿ (ಬಿರುಸಿನ ಶ್ರಮ, ನಡುನಡುವೆ ಸಣ್ಣ ಬಿಡುವು) ಇವುಗಳಲ್ಲಿ ರೋಗನಿರೋಧಕ ಶಕ್ತಿಗೆ ಯಾವುದು ಹೆಚ್ಚು ಒಳ್ಳೆಯದು, ಮತ್ತು ಕಠಿಣ ವ್ಯಾಯಾಮದ ನಂತರ ಕೆಲವು ಗಂಟೆ ದೇಹ ಸೋಂಕಿಗೆ ಸುಲಭವಾಗಿ ತುತ್ತಾಗುತ್ತದೆ ಎಂಬುದು ನಿಜವೇ. ಎರಡನೆಯದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಓಡಲು ಶುರುಮಾಡಿದ ಕೆಲವೇ ನಿಮಿಷಗಳಲ್ಲಿ ಅಡ್ರಿನಾಲಿನ್ ಏರಿ, ರಕ್ತನಾಳಗಳ ಒಳಗೋಡೆಗೆ ಅಂಟಿಕೊಂಡಿದ್ದ ಹಾಗೂ ಗುಲ್ಮ (ಸ್ಪ್ಲೀನ್) ಎಂಬ ಅಂಗದಲ್ಲಿದ್ದ, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ಲಿಂಫೋಸೈಟ್‌ಗಳು ರಕ್ತಕ್ಕೆ ಬಂದು ಸೇರುತ್ತವೆ. ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುವ ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕೋಶಗಳಂತೂ ಹಲವು ಪಟ್ಟು ಹೆಚ್ಚುತ್ತವೆ. ದೀರ್ಘವಾದ, ಬಿರುಸಿನ ವ್ಯಾಯಾಮ ಮುಗಿದ ಒಂದೆರಡು ಗಂಟೆಗಳಲ್ಲಿ ಇದೇ ಎಣಿಕೆ ಮೊದಲಿಗಿಂತಲೂ ಕೆಳಗಿಳಿಯುತ್ತದೆ. ಈ ಇಳಿಕೆಯನ್ನು ಬಹುಕಾಲ ದೌರ್ಬಲ್ಯವೆಂದೇ ಭಾವಿಸಲಾಗಿತ್ತು. 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ಓಡಿದವರಲ್ಲಿ ಶೇ 12.9 ಮಂದಿ ಮುಂದಿನ ವಾರ ಸೋಂಕಿನ ಲಕ್ಷಣಗಳನ್ನು ಹೇಳಿಕೊಂಡರೆ, ಅಷ್ಟೇ ಅಭ್ಯಾಸವಿದ್ದೂ ಓಡದವರಲ್ಲಿ ಆ ಪ್ರಮಾಣ ಶೇ 2.2 ಇತ್ತು ಎಂಬ ವ್ಯಾಯಾಮ ವಿಜ್ಞಾನಿ ಡೇವಿಡ್ ನೀಮನ್ ಅವರ ವರದಿ ಆ ನಂಬಿಕೆಗೆ ಬಲ ಕೊಟ್ಟಿತು. ಆದರೆ ಅವು ಓಟಗಾರರೇ ಹೇಳಿಕೊಂಡ ಲಕ್ಷಣಗಳು, ಪ್ರಯೋಗಾಲಯದಲ್ಲಿ ದೃಢಪಟ್ಟ ಸೋಂಕುಗಳಲ್ಲ. ಗಂಟೆಗಟ್ಟಲೆ ಬಾಯಲ್ಲಿ ಉಸಿರಾಡಿದರೂ ಗಂಟಲು ಕೆರೆಯುತ್ತದೆ. ಮೇಲಾಗಿ, ಇಲಿಗಳಲ್ಲಿ ಗುರುತು ಹಚ್ಚಿದ ಟಿ ಕೋಶಗಳನ್ನು (ಲಿಂಫೋಸೈಟ್‌ಗಳ ಒಂದು ಬಗೆ) ಹಿಂಬಾಲಿಸಿದಾಗ, ವ್ಯಾಯಾಮದ ಬಳಿಕ ಅವು ಶ್ವಾಸಕೋಶ, ಕರುಳು ಮತ್ತು ಅಸ್ಥಿಮಜ್ಜೆಯಲ್ಲಿ ಹೆಚ್ಚಾಗಿ ಕಂಡವು. ಅಂದರೆ ಕಾವಲುಗಾರರು ಸತ್ತಿಲ್ಲ, ಠಾಣೆ ಬಿಟ್ಟು ಗಸ್ತಿಗೆ ಹೋಗಿದ್ದಾರೆ. ನನಗೆ ಈ ವಿವರಣೆಯೇ ಹೆಚ್ಚು ಒಪ್ಪಿಗೆಯಾಗುತ್ತದೆ, ಆದರೂ ತಜ್ಞರ ನಡುವೆ ಚರ್ಚೆ ಪೂರ್ತಿ ಮುಗಿದಿಲ್ಲ.

ಇನ್ನು ಬಗೆಗಳ ವಿಚಾರ. ಓಟ, ಸೈಕಲ್ ಸವಾರಿಯಂಥ ದೀರ್ಘ ವ್ಯಾಯಾಮದಲ್ಲಿ ದುಡಿಯುವ ಸ್ನಾಯುವೇ ಇಂಟರ್‌ಲ್ಯೂಕಿನ್-6 ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. ಸೋಂಕಿನಲ್ಲಿ ಉರಿಯೂತದ ಗುರುತಾಗಿರುವ ಇದೇ ಪ್ರೋಟೀನು ಇಲ್ಲಿ ಉರಿಯೂತ ತಗ್ಗಿಸುವ ಇಂಟರ್‌ಲ್ಯೂಕಿನ್-10ರ ಬಿಡುಗಡೆಗೆ ದಾರಿಮಾಡುತ್ತದೆ. ಭಾರ ಎತ್ತುವಾಗ ಪ್ರತಿಕ್ರಿಯೆ ಹೆಚ್ಚಾಗಿ ಸ್ನಾಯುವಿನೊಳಗೇ ನಡೆಯುತ್ತದೆ. ಭಾರವನ್ನು ನಿಧಾನವಾಗಿ ಇಳಿಸುವಾಗ ಎಳೆಗಳಲ್ಲಿ ಸೂಕ್ಷ್ಮ ಹಾನಿಯಾಗಿ, ಮೊದಲು ನ್ಯೂಟ್ರೋಫಿಲ್‌ಗಳು, ಆಮೇಲೆ ಮ್ಯಾಕ್ರೋಫೇಜ್‌ಗಳು ಎಂಬ ರೋಗನಿರೋಧಕ ಕೋಶಗಳು ಅಲ್ಲಿಗೆ ಬಂದು ದುರಸ್ತಿಗೆ ನೆರವಾಗುತ್ತವೆ. ಹೊಸಬರಿಗೆ ಮಾರನೆಯ ದಿನ ಮೈಕೈ ನೋಯುವುದು ಇದೇ ಹಾನಿ ಮತ್ತು ದುರಸ್ತಿಯ ಕಾಲದಲ್ಲಿ. ಇಂಟರ್ವಲ್ ತರಬೇತಿಯಲ್ಲಿ ರಕ್ತದಲ್ಲಿನ ರೋಗನಿರೋಧಕ ಕೋಶಗಳ ಏರಿಳಿತ ಓಟದಂತೆಯೇ ಇದ್ದು, ಹೆಚ್ಚು ಚುರುಕಾಗಿರುತ್ತದೆ.

ಹೀಗಾಗಿ ಒಂದನ್ನೇ ಆರಿಸಬೇಕೆಂದು ನಾನು ಹೇಳಲಾರೆ; ಬಗೆಗಿಂತ ಪ್ರಮಾಣ, ನಿಯಮಿತತೆ ಮತ್ತು ವಿಶ್ರಾಂತಿ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸುವ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ವ್ಯಾಯಾಮ ಹಾಗೂ ಕನಿಷ್ಠ 2 ದಿನದ ಸ್ನಾಯುಬಲದ ಅಭ್ಯಾಸದಲ್ಲಿ ನೀವು ಕೇಳಿದ ಬಗೆಗಳನ್ನೆಲ್ಲ ಹೊಂದಿಸಬಹುದು. ಜ್ವರ ಬಂದ ದಿನಗಳಲ್ಲಿ ಮಾತ್ರ ಎಲ್ಲ ಬಗೆಯನ್ನೂ ನಿಲ್ಲಿಸಿ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿನಲ್ಲಿ ಉರಿಯೂತ ಉಂಟುಮಾಡುವುದರಿಂದ ಆಗ ಶ್ರಮಪಡುವುದು ಅಪಾಯಕಾರಿ.